ನಾನೂ ಸೇರಿ ಹದಿನೈದು ಊಟ

ಜೂನ್ 3, ಮಂಗಳವಾರ. ಸಂಜೆ 6.20

ನಾಳೆಯ ಟ್ರಿಪ್ಪಿಗೆ ಹದಿನಾಲ್ಕು ಜನ. ಇಬ್ಬರು ಮಾಂಸ ತಿನ್ನುವುದಿಲ್ಲ. ಒಬ್ಬಳಿಗೆ ಬೆಳ್ಳುಳ್ಳಿ ಆಗದು. ಬ್ರಾಚ್ ದ್ವೀಪಕ್ಕೆ ಹೋಗಿ ಬೆಳ್ಳುಳ್ಳಿ ಬೇಡ ಅನ್ನುವವಳು ಮನೆಯಲ್ಲೇ ಇರಬಹುದಿತ್ತು. ಇರಲಿ, ದುಡ್ಡು ಕಟ್ಟಿದ್ದಾಳೆ.

ಆರು ಗಂಟೆಗೆ ಸರಿಯಾಗಿ, ದ್ವೀಪದ ತನ್ನ ದ್ರಾಕ್ಷಿತೋಟದ ಮನೆಯಲ್ಲಿ ಗೆಸ್ಟ್‌ಗಳಿಗೆ ಅಡುಗೆ ಮಾಡುವ ದಿಂಕಾಗೆ ಫೋನ್. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ. ಪೆಕಾ ಆಗಬೇಕಾದರೆ ಹಿಂದಿನ ದಿನವೇ ತಲೆ ಲೆಕ್ಕ ಹೇಳಬೇಕು. ಕುರಿಮರಿ ಎಷ್ಟು, ಆಲೂಗಡ್ಡೆ ಎಷ್ಟು, ಕಬ್ಬಿಣದ ಮುಚ್ಚಳ ಎರಡೋ ಮೂರೋ. ಮುಚ್ಚಳದ ಮೇಲೆ ಕೆಂಡ ಹೇರಿ ಎರಡು ಗಂಟೆ ಬೇಯಿಸುವ ಊಟ, ನಿಂತ ಕಾಲಲ್ಲಿ ಆಗುವುದಿಲ್ಲ. ಒಂಬತ್ತು ವರ್ಷದಿಂದ ಅದೇ ಮಾತು.

"ಎಷ್ಟು ಜನ?"

"ಹದಿನಾಲ್ಕು. ನಾನೂ ಸೇರಿ ಹದಿನೈದು."

"ಸರಿ. ಆ ಕಡೆ ಸಮುದ್ರ ಹೇಗಿದೆ?"

ಎರಡು ನಿಮಿಷ. ವಾರಕ್ಕೆ ನಾಲ್ಕು.

ಇವತ್ತು ಎತ್ತಿದ್ದು ಗಂಡಸಿನ ದನಿ. "ಹೇಳಿ." ನಂಬರ್ ತಪ್ಪಿತೆಂದು ಇಟ್ಟೆ. ಮತ್ತೆ ಮಾಡಿದೆ. ಮತ್ತೆ ಅದೇ ದನಿ. "ದಿಂಕಾ ಹಿತ್ತಲಲ್ಲಿದ್ದಾಳೆ. ಎಷ್ಟು ಜನ, ಹೇಳಿ."

ಹೇಳಿದೆ. ನಾನೂ ಸೇರಿ ಅಂತಲೂ ಹೇಳಿದೆ. ಬರೆದುಕೊಂಡ. ಸಮುದ್ರದ ವಿಚಾರ ಕೇಳಲಿಲ್ಲ.

ಯಾರಿವನು.

ಜೂನ್ 4, ಬುಧವಾರ. ವಾಪಸ್ ಫೆರಿಯಲ್ಲಿ

ಹೆಸರು ಶಿಮುನ್. ಅರವತ್ತಾರು ವರ್ಷ. ನನಗಿಂತ ಏಳು ಹೆಚ್ಚು, ಆದರೂ ಕೂದಲು ನನಗಿಂತ ಜಾಸ್ತಿ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆಗಿ ಊರಿಗೆ ಬಂದಿದ್ದಾನೆ. ದಿಂಕಾಳ ಗಂಡನೂ ಇವನೂ ಒಂದೇ ಹಡಗಿನಲ್ಲಿದ್ದರಂತೆ. ಗಂಡ ತೀರಿಕೊಂಡು ಹನ್ನೊಂದು ವರ್ಷ. ದುಃಖ ಹಂಚಿಕೊಳ್ಳಲು ಇವನಿಗೆ ಈಗ ಬಿಡುವಾಗಿದೆ.

ಗೆಸ್ಟ್‌ಗಳು ನೆಲಮಾಳಿಗೆಯಲ್ಲಿ ಮೂರು ವೈನ್ ರುಚಿ ನೋಡುವ ಹೊತ್ತಿಗೆ ಅಂಗಳದಲ್ಲಿ ಮುಚ್ಚಳದ ಮೇಲೆ ಹೊಸ ಕೆಂಡ ಹೇರುವುದು ನನ್ನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ತಾನಾಗಿ ನನ್ನದಾದದ್ದು. ಇವತ್ತು ಹೋದರೆ ಸಲಿಕೆ ಅವನ ಕೈಯಲ್ಲಿ. ನೀಟಾಗಿಯೇ ಹೇರುತ್ತಿದ್ದ. ಅದು ಇನ್ನೂ ಕೆಟ್ಟದ್ದು.

ಊಟಕ್ಕೆ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿ ನನ್ನದು. ಅದರ ಮೇಲೆ ಅವನ ಟೋಪಿ ಕೂತಿತ್ತು. ಮನುಷ್ಯನೂ ಅಲ್ಲ, ಟೋಪಿ.

"ಲೋವ್ರೆ, ಇವತ್ತು ಹೊರಗೆ ಗೆಸ್ಟ್ ಜೊತೆ ಕೂತ್ಕೋ ಮಾರಾಯ. ಒಳಗೆ ಜಾಗ ಇಲ್ಲ" ಅಂದಳು ದಿಂಕಾ.

ಬೆಳ್ಳುಳ್ಳಿ ಬೇಡದವಳ ಪಕ್ಕ ಕೂತು ಉಂಡೆ. ಹೊರಡುವಾಗ ಹದಿನೈದು ಊಟದ ದುಡ್ಡು ಎಣಿಸಿ ಕೊಟ್ಟೆ, ಎಂದಿನಂತೆ ನನ್ನದೂ ಸೇರಿಸಿ. ಸ್ಪ್ಲಿಟ್ ಬೀಚಿನಲ್ಲಿ ಬೇಯಿಸಿದ ಮೆಕ್ಕೆಜೋಳ ಮಾರಿ ಶುರು ಮಾಡಿದವನು ನಾನು. ಆಮೇಲೆ ಬಾಡಿಗೆಗೆ ಬಿಸಿಲಿನ ಕೊಡೆಗಳು, ಆಮೇಲೆ ಸೆಕೆಂಡ್ ಹ್ಯಾಂಡ್ ಮಿನಿಬಸ್ಸು, ಈಗ ಸ್ವಂತ ಟ್ರಿಪ್. ಬಿಟ್ಟಿ ಉಂಡವನಲ್ಲ.

ಅವನು ಕೊಟ್ಟನೋ ಅಂತ ನೋಡಿದೆ. ಕೊಡಲಿಲ್ಲ.

ಜೂನ್ 7, ಶನಿವಾರ

ಫೆರಿಯ ಕಾಫಿ ಕೌಂಟರಿನ ಬೆಪೊ ದ್ವೀಪದವನು. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಎಲ್ಲ ಗೊತ್ತು.

"ಶಿಮುನ್ ತಾನೆ? ಅವರಣ್ಣನ ಮನೇಲಿ ಇಳ್ಕೊಂಡಿದ್ದಾನೆ. ಮಲಗೋದಕ್ಕೆ ಮಾತ್ರ."

"ಮಿಕ್ಕ ಹೊತ್ತು?"

"ದಿಂಕಾಳ ಪಂಪು ರಿಪೇರಿ."

"ಒಂದು ಪಂಪಿಗೆ ಎಷ್ಟು ದಿನ ಬೇಕೋ?"

"ಪಂಪು ಮೊದಲನೇ ದಿನಾನೇ ಸರಿಹೋಯ್ತು." ಕಪ್ಪು ಒರೆಸುತ್ತ ನನ್ನ ಮುಖ ನೋಡಿದ. "ನಿನಗ್ಯಾಕಪ್ಪಾ ಹೊಟ್ಟೆ ಉರಿ? ನೀನು ಜನ ಕರ್ಕೊಂಡು ಹೋಗೋನು, ಕರ್ಕೊಂಡು ಬರೋನು."

"ಊಟದ ಕ್ವಾಲಿಟಿ ಬಗ್ಗೆ ಯೋಚನೆ ನಂಗೆ."

"ಹ್ಞೂ ಹ್ಞೂ. ಕ್ವಾಲಿಟಿ."

ದಿಂಕಾಳ ಅಂಗಳದ ತಂತಿಯ ಮೇಲೆ ಗಂಡಸಿನ ಶರ್ಟ್, ಎರಡು. ಒಂದರಲ್ಲಿ ಐದು ಬಿಳಿ ಗುಂಡಿ, ಒಂದು ಬೂದು. ಆ ಬೂದು ಗುಂಡಿ, ದಿಂಕಾ ಹಳೇ ಗುಂಡಿ ಹಾಕಿಡುವ ಬಿಸ್ಕತ್ತಿನ ಡಬ್ಬಿಯದು. ನನಗೆ ಚೆನ್ನಾಗಿ ಗೊತ್ತು — ನನ್ನ ಕೋಟಿನಲ್ಲೂ ಒಂದಿದೆ, ಅವಳೇ ಹೊಲಿದದ್ದು. ನಾನು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದೆ.

ಜೂನ್ 21, ಶನಿವಾರ

ದ್ರಾಕ್ಷಿತೋಟದಲ್ಲಿ ನಿಂತು ಗೆಸ್ಟ್‌ಗಳಿಗೆ ಮಾತು ಹೇಳುವುದು ಯಾವತ್ತೂ ನಾನೇ. ಈ ದ್ರಾಕ್ಷಿಗೆ ಮೂರು ಬಿಸಿಲು: ಒಂದು ಆಕಾಶದ್ದು, ಒಂದು ಸಮುದ್ರದ ಮೇಲಿಂದ ಹೊಳೆದು ಬಂದದ್ದು, ಇನ್ನೊಂದು ಬಿಳಿ ಕಲ್ಲಿನಿಂದ ಎದ್ದದ್ದು. ಈ ಕರಾವಳಿಯಲ್ಲಿ ಎಲ್ಲರೂ ಹೇಳುವ ಮಾತು, ಆದರೆ ಹೇಳುವ ರೀತಿ ನನ್ನದು. ನಗಿಸಬೇಕಾದ ಕಡೆ ನಗಿಸುತ್ತೇನೆ, ಐದು ಭಾಷೆಯಲ್ಲಿ.

ಇವತ್ತು ಮೂರನೆಯ ಬಿಸಿಲಿಗೆ ಬಂದು ಉಸಿರು ತೆಗೆದುಕೊಳ್ಳುತ್ತಿದ್ದೆ. ಹಿಂದಿನಿಂದ ಶಿಮುನ್, ಹಡಗಿನ ಇಂಗ್ಲಿಷಿನಲ್ಲಿ: "ನಾಲ್ಕನೇದು ಮರೆತ್ರಿ. ದಿಂಕಾ ಮನೆಯಿಂದ ಆಚೆ ಬಂದಾಗ ಬೀಳೋದು."

ಗೆಸ್ಟ್‌ಗಳು ಚಪ್ಪಾಳೆ ತಟ್ಟಿದರು. ನನಗೆ ಒಂಬತ್ತು ವರ್ಷದಲ್ಲಿ ತಟ್ಟಿಲ್ಲ. ದಿಂಕಾ ಟವೆಲಿನಿಂದ ಅವನ ಭುಜಕ್ಕೆ ಒಂದು ಬಾರಿಸಿದಳು. ಅವಳ ಕಿವಿ ಕೆಂಪಾಗಿತ್ತು.

ನಾಲ್ಕನೆಯದು ನನಗೂ ಗೊತ್ತಿತ್ತು. ಒಂಬತ್ತು ವರ್ಷ ಮೂರಕ್ಕೇ ನಿಲ್ಲಿಸಿದ್ದೆ.

ಜೂನ್ 24, ಮಂಗಳವಾರ. ರಾತ್ರಿ 9.10

ಆರು ಗಂಟೆಯ ಫೋನ್ ಅವಳೇ ಎತ್ತಿದಳು. "ಎಷ್ಟು ಜನ?"

"ಯಾರೂ ಇಲ್ಲ. ನಾಳೆಯಿಂದ ಗುಡ್ಡದ ಮೇಲಿನ ಹೊಸ ವೈನರಿಗೆ ಹೋಗ್ತೀನಿ. ಅಲ್ಲಿ ಎ.ಸಿ. ಇದೆ. ಗೆಸ್ಟ್ ಕೇಳ್ತಾರೆ."

ಪೆನ್ನು ಕೆಳಗಿಟ್ಟ ಸದ್ದು. ಆಮೇಲೆ, "ಕುರಿಮರಿ ಕಡಿಸಿ ಆಗಿದೆ, ಲೋವ್ರೆ."

"ಅದರ ದುಡ್ಡು ಕಳಿಸ್ತೀನಿ."

"ಕಳಿಸು. ನಿನ್ನ ಹತ್ರ ಕಳಿಸೋಕೆ ಬೇರೆ ಏನಿದೆ."

ಇಟ್ಟಳು. ಗೆದ್ದೆ ಅನ್ನಿಸಿತು. ರಾತ್ರಿ ಊಟಕ್ಕೆ ಕೂರುವವರೆಗೆ ಹಾಗೇ ಅನ್ನಿಸುತ್ತಿತ್ತು.

ಆಗಸ್ಟ್ 9, ಶನಿವಾರ

ಎಷ್ಟು ದಿನವಾಯಿತು ಇದರಲ್ಲಿ ಬರೆದು. ಬರೆಯುವಂಥದ್ದೇನೂ ಇರಲಿಲ್ಲ — ಹೋದೆ, ಬಂದೆ.

ಹೊಸ ವೈನರಿಯಲ್ಲಿ ಗೋಡೆಯೆಲ್ಲ ಗಾಜು. ತಟ್ಟೆ ಬಸ್ಸಿನ ಸ್ಟೀರಿಂಗ್‌ನಷ್ಟು ದೊಡ್ಡದು, ನಡುವೆ ಹೆಬ್ಬೆರಳಿನಷ್ಟು ಮೀನು, ಅದರ ಮೇಲೊಂದು ಹೂವು. ಗೆಸ್ಟ್‌ಗಳು ಉಪವಾಸ ಎದ್ದು ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಭಾರೀ ಇಷ್ಟ. ಫೋಟೋ ತೆಗೆದು ತೆಗೆದು ದಣಿಯುತ್ತಾರೆ. ಬುಕಿಂಗ್ ಜಾಸ್ತಿಯಾಗಿದೆ. ಅಂದರೆ ವ್ಯಾಪಾರದ ದೃಷ್ಟಿಯಿಂದ ನಾನು ಮಾಡಿದ್ದು ಸರಿ. ವಾಪಸ್ ಫೆರಿಯಲ್ಲಿ ಬೆಪೊ ಹತ್ತಿರ ಬ್ರೆಡ್ಡು ಚೀಸು ಕೊಂಡು ತಿನ್ನುವವನು ನಾನೊಬ್ಬನೇ.

ಅಲ್ಲಿನ ಪಾರ್ಕಿಂಗ್ ಜಾಗದಿಂದ ನೋಡಿದರೆ ಕೆಳಗೆ ದಿಂಕಾಳ ಅಂಗಳದ ಮೂಲೆ ಕಾಣುತ್ತದೆ. ಹನ್ನೊಂದು ಗಂಟೆಗೆ ಹೊಗೆ ಎದ್ದಿತು. ಪೆಕಾದ್ದೇ — ಒಣ ದ್ರಾಕ್ಷಿಬಳ್ಳಿಯ ಕಡ್ಡಿಯ ಬಿಳಿ ಹೊಗೆ. ನಾನು ಬಿಟ್ಟ ಮೇಲೆ ಶನಿವಾರ ಅವಳಿಗೆ ಗೆಸ್ಟ್ ಯಾರೂ ಇಲ್ಲ. ಯಾರಿಗೆ ಹಚ್ಚಿದಳು? ಒಬ್ಬನಿಗೋಸ್ಕರ ಮೂರು ಕಿಲೋ ಕಟ್ಟಿಗೆಯೇ?

ಒಂದು ಗಂಟೆಯವರೆಗೆ ಅಲ್ಲೇ ನಿಂತಿದ್ದೆ. ನೆತ್ತಿ ಸುಟ್ಟಿದೆ.

ಆಗಸ್ಟ್ 27, ಬುಧವಾರ. ಸಂಜೆ ಫೆರಿ

ಶಿಮುನ್ ಇದೇ ಫೆರಿಯಲ್ಲಿ. ಸ್ಪ್ಲಿಟ್‌ಗೆ ಹೊರಟಿದ್ದಾನೆ, ಸೂಟು ಹೊಲಿಸಲು. ಐವತ್ತು ನಿಮಿಷದ ದಾರಿ, ಇಳಿದು ಹೋಗಲು ಸಮುದ್ರ ಬಿಟ್ಟರೆ ಬೇರೆ ಜಾಗವಿಲ್ಲ. ಎದುರಿಗೇ ಬಂದು ಕೂತ. ಎರಡು ಕಾಫಿ ಹೇಳಿದ. ನನ್ನದಕ್ಕೆ ನಾನೇ ಕೊಡಲು ಹೋದೆ, ಬೆಪೊ ತೆಗೆದುಕೊಳ್ಳಲಿಲ್ಲ.

"ನೇರವಾಗಿ ಹೇಳ್ಬಿಡ್ತೀನಿ" ಅಂದ ಶಿಮುನ್. "ದಿಂಕಾನ ಕೇಳಿದೀನಿ, ನನ್ನ ಮದುವೆ ಆಗ್ತೀಯಾ ಅಂತ. ದ್ರಾಕ್ಷಿ ಕೊಯ್ಲು ಮುಗಿದ ಸಂಜೆ ಹೇಳ್ತೀನಿ ಅಂದಿದ್ದಾಳೆ."

"ನನಗ್ಯಾಕೆ ಹೇಳ್ತೀರಿ?"

"ಕೇಳೋಕೆ ಮುಂಚೆ ನಿನ್ನ ವಿಚಾರಾನೂ ಎತ್ತಿದೆ. ಇಬ್ಬರ ಮಧ್ಯೆ ನುಗ್ಗೋ ಮನುಷ್ಯ ನಾನಲ್ಲ. ಹೀಗೆ ಲೋವ್ರೆ ಅಂತ ಒಬ್ಬ ಇದಾನಲ್ಲ, ಅವನ ಕಥೆ ಏನು ಅಂದೆ."

"ಏನಂದಳು?"

"'ಅವನು ಗಿರಾಕಿ' ಅಂದಳು."

ಬೆಪೊ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕತೊಡಗಿದ. ಕಾಫಿ ಒಳ್ಳೆಯದಾಗಿತ್ತು ಅಂತ ಹೇಳಿ ಡೆಕ್ಕಿಗೆ ಬಂದೆ. ಇಲ್ಲಿ ಕೂತು ಬರೆಯುತ್ತಿದ್ದೇನೆ.

ಗಿರಾಕಿ.

ಅವನು ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಸೆಪ್ಟೆಂಬರ್ 14, ಭಾನುವಾರ

ಹದಿನೆಂಟು ದಿನ ತಡೆದೆ. ಇವತ್ತು ಗೆಸ್ಟ್ ಇಲ್ಲದೆ, ಬಸ್ಸಿಲ್ಲದೆ, ಒಬ್ಬನೇ ಹೋದೆ. ದಿಂಕಾ ಅಂಗಳದಲ್ಲಿ ಪೈಪು ಹಿಡಿದು ಕ್ರೇಟು ತೊಳೆಯುತ್ತಿದ್ದಳು. ನನ್ನನ್ನು ನೋಡಿಯೂ ನೀರು ನಿಲ್ಲಿಸಲಿಲ್ಲ.

"ಗಿರಾಕಿ ಅಂದೆಯಂತೆ" ಅಂದೆ.

"ಅಲ್ವಾ?"

"ಒಂಬತ್ತು ವರ್ಷ ನಿನ್ನ ಅಡುಗೆಮನೇಲಿ ಉಂಡಿದ್ದೀನಿ."

"ದುಡ್ಡು ಕೊಟ್ಟು." ಕ್ರೇಟು ಮಗುಚಿ ಹಾಕಿದಳು. "ಮೊದಲನೇ ಬೇಸಿಗೇಲಿ ನಾನು ದುಡ್ಡು ಬೇಡ ಅಂದೆ. ಉಪ್ಪಿನ ಡಬ್ಬಿ ಕೆಳಗೆ ನೋಟಿಟ್ಟು ಹೋದೆ ನೀನು. ಎರಡನೇ ಬೇಸಿಗೇಲೂ ನಾನು ಬೇಡ ಅಂದೆ. ಬಿಲ್ ಬರೆದುಕೊಡು ಅಂದೆ ನೀನು. ಮೂರನೇ ಬೇಸಿಗೆಯಿಂದ ನಾನು ಬಾಯಿ ಮುಚ್ಕೊಂಡು ಈಸ್ಕೊಂಡೆ. ನಮ್ಮಲ್ಲಿ ಒಲೆ ಮುಂದೆ ಕೂತು ಉಂಡು ದುಡ್ಡಿಡೋನು ಏನು ಹೇಳ್ದಂಗೆ ಗೊತ್ತಾ? ನಂಗೂ ಈ ಮನೆಗೂ ಸಂಬಂಧ ಇಲ್ಲ ಅಂತ. ಶಿಮುನ್ ಕೊಡೋಕೆ ಬಂದಿದ್ರೆ ಆವತ್ತೇ ಕಳಿಸಿಬಿಡ್ತಿದ್ದೆ."

"ನಾನು ಮರ್ಯಾದೆಗೆ ಕೊಟ್ಟೆ, ದಿಂಕಾ."

"ನಿನ್ನ ಮರ್ಯಾದೆಗೆ."

ನೀರು ಹರಿದು ನನ್ನ ಶೂ ಒಳಗೆ ಹೋಗುತ್ತಿತ್ತು. ಸರಿದು ನಿಲ್ಲಲಿಲ್ಲ.

ಎಂಥ ಕೆಲಸ ಮಾಡಿದ್ದೇನೆ. ವರ್ಷಕ್ಕೆ ಐವತ್ತು ಊಟ, ಪ್ರತಿಯೊಂದಕ್ಕೂ ಕೈಯಾರೆ ದುಡ್ಡು ಕೊಟ್ಟು, ನಾನು ಇಲ್ಲಿಯವನಲ್ಲ ಅಂತ ರಸೀದಿ ಬರೆಸಿಕೊಂಡಿದ್ದೇನೆ.

"ಶಿಮುನ್‌ಗೆ ಏನು ಹೇಳ್ತೀಯ?" ಕೇಳಿದೆ.

"ಕೇಳಿದವರಿಗೆ ಉತ್ತರ ಕೊಡ್ತೀನಿ. ನೀನು ಏನಾದ್ರೂ ಕೇಳಿದೀಯಾ?"

ಬಾಯಿ ತೆರೆದೆ. ಫೆರಿ ಹತ್ತಿದ ಗಳಿಗೆಯಿಂದ ಇಳಿಯುವವರೆಗೆ ನಿಲ್ಲದ ಬಾಯಿ. ಬಂದದ್ದು ಇಷ್ಟೇ: "ಕೊಯ್ಲು ಯಾವತ್ತು?"

ಪೈಪು ಕೆಳಗಿಟ್ಟು ನನ್ನನ್ನು ಒಂದು ಸಲ ನೋಡಿದಳು. "ಶನಿವಾರ. ಬರೋದಾದ್ರೆ ಹಳೇ ಬಟ್ಟೆ ಹಾಕ್ಕೊಂಡು ಬಾ."

ಸೆಪ್ಟೆಂಬರ್ 20, ಶನಿವಾರ. ಮಧ್ಯಾಹ್ನ 3.40. ತೋಟದ ಶೆಡ್ಡಿನ ಹಿಂದೆ

ಟ್ರಿಪ್ ರದ್ದು ಮಾಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ, ಫೆರಿ ನಿಲ್ಲಿಸುವಂಥ ಗಾಳಿ ಇಲ್ಲದೆ, ಕಾರಣ ಹೇಳದೆ.

ಹತ್ತೊಂಬತ್ತು ಜನ ಕೊಯ್ಯುತ್ತಿದ್ದೇವೆ, ಎಲ್ಲ ಅಕ್ಕಪಕ್ಕದವರು. ರಜೆ ಹಾಕಿ ಬೆಪೊ ಕೂಡ ಬಂದಿದ್ದಾನೆ. ಊಟದ ಹೊತ್ತಿಗೆ ಶಿಮುನ್ ಹನ್ನೊಂದು ಕ್ರೇಟು, ನಾನು ಒಂಬತ್ತು. ಅವನ ಸಾಲಿನಲ್ಲಿ ಗೊಂಚಲು ದೊಡ್ಡವು.

ಹಿಪ್ಪುನೇರಳೆ ಮರದ ಕೆಳಗೆ ಉದ್ದ ಮೇಜು. ಪೆಕಾ ತೆರೆದರು. ಶಿಮುನ್ ದಿಂಕಾಳ ಬಲಕ್ಕೆ, ನಾನು ಆ ತುದಿಯಲ್ಲಿ, ಅವಳಿಂದ ಎಂಟನೆಯವನು. ಅವಳ ಕೂದಲಲ್ಲಿ ಒಂದು ಒಣಗಿದ ಎಲೆ ಸಿಕ್ಕಿಕೊಂಡಿತ್ತು. ಬೆಳಗ್ಗೆಯಿಂದ ನೋಡುತ್ತಲೇ ಇದ್ದೆ. ಶಿಮುನ್ ಕೈ ಚಾಚಿ, ಎರಡೇ ಬೆರಳಲ್ಲಿ, ಅದನ್ನು ತೆಗೆದು ಹಾಕಿದ.

ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು.

"ದಿಂಕಾ, ನನ್ನ ಮದುವೆ ಆಗ್ತೀಯಾ?"

ಮೇಜಿನುದ್ದಕ್ಕೂ ಫೋರ್ಕುಗಳು ನಿಂತವು. "ಊಟದ ಕ್ವಾಲಿಟಿ ಬಗ್ಗೆ ಯೋಚನೆ ಅವನಿಗೆ" ಅಂದ ಬೆಪೊ, ಯಾರಿಗೂ ಅಲ್ಲದ ಹಾಗೆ.

"ಕೂತ್ಕೊಂಡು ಕೇಳೋಕೆ ಆಗ್ತಿರಲಿಲ್ವಾ?" ಅಂದಳು ದಿಂಕಾ. "ಗೆಸ್ಟ್‌ಗೆ ಭಾಷಣ ಮಾಡೋ ಹಾಗೆ ನಿಂತಿದ್ದೀಯ."

"ಆಗ್ತೀಯೋ ಇಲ್ವೋ?"

"ಆಗ್ತೀನಿ. ಈಗ ಕೂತ್ಕೋ. ಇನ್ನೂ ಆರು ಸಾಲು ಬಾಕಿ ಇದೆ."

ಕೂತೆ.

ಆಮೇಲೆ ಅವಳು ಬಲಕ್ಕೆ ತಿರುಗಿ, ದನಿ ತಗ್ಗಿಸಿ, "ಶಿಮುನ್, ನಿಮಗೆ ಸಂಜೆ ಹೇಳ್ತೀನಿ ಅಂದಿದ್ದೆ..."

"ಹೇಳಿದ ಹಾಗೇ ಆಯ್ತು ಬಿಡು" ಅಂದ. ಗ್ಲಾಸು ಎತ್ತಿದ, ನನ್ನ ಕಡೆಗೆ. ಕುಡಿದ. ಬಾಯಿ ಒರೆಸಿಕೊಂಡು ಬ್ರೆಡ್ಡು ಮುರಿದ.

ಇಡೀ ಮೇಜು ಅವನನ್ನೇ ನೋಡುತ್ತಿತ್ತು. ಎಂಥ ಗಂಡಸು ಅಂತ. ಪಕ್ಕದ ಮನೆಯ ಮುದುಕಿ ಕಣ್ಣೊರೆಸಿಕೊಂಡು ಅವನಿಗೆ ಇನ್ನೆರಡು ಆಲೂಗಡ್ಡೆ ಬಡಿಸಿದಳು. ಬೆಪೊ ಹೋಗಿ ಅವನ ಬೆನ್ನು ತಟ್ಟಿದ. ದಿಂಕಾ ಪೆಕಾದೊಳಗೆ ಹುಡುಕಿ ಹುಡುಕಿ ಮುಂಗಾಲಿನ ತುಂಡು, ಚರ್ಮ ಗರಿಗರಿಯಾಗಿ ಕಂದಿದ್ದು, ತೆಗೆದು ಅವನ ತಟ್ಟೆಗಿಟ್ಟಳು. ಬಟ್ಟಲು ಮೇಜಿನ ಈ ತುದಿಗೆ ಬರುವ ಹೊತ್ತಿಗೆ ಉಳಿದದ್ದು ಕತ್ತಿನ ಮೂಳೆ.

ನನ್ನ ಬೆನ್ನು ಯಾರೂ ತಟ್ಟಲಿಲ್ಲ.

ಸಂಜೆ 5.05

ಸಾಲು ಮುಗಿದವು. ಶಿಮುನ್ ಹತ್ತೊಂಬತ್ತು ಕ್ರೇಟು, ನಾನು ಹದಿನೇಳು. ಅಷ್ಟೆಲ್ಲ ಆದ ಮೇಲೂ.

ನಾಳೆ ಅವನು ರಿಯೆಕಾದಲ್ಲಿರುವ ಮಗಳ ಮನೆಗೆ ಹೊರಡುತ್ತಾನಂತೆ. ಬೀಳ್ಕೊಡಲು ದಿಂಕಾ ಗೇಟಿನವರೆಗೆ ಹೋಗಿದ್ದಾಳೆ. ಇಲ್ಲಿಂದ ಕಾಣುತ್ತದೆ, ಕೇಳಿಸುವುದಿಲ್ಲ. ಹೋಗಿ ಹನ್ನೆರಡು ನಿಮಿಷವಾಯಿತು. ಥ್ಯಾಂಕ್ಸ್‌ಗೆ ಒಂದು ನಿಮಿಷ. ಕ್ಷಮೆ ಕೇಳುವುದಕ್ಕೆ ಎರಡು. ಸತ್ತ ಗಂಡನ ನೆನಪಿಗೆ ಮೂರು ಅಂತ ಧಾರಾಳವಾಗಿಯೇ ಇಟ್ಟುಕೊಂಡರೂ ಆರು. ಮಿಕ್ಕ ಆರು ನಿಮಿಷ ಯಾವ ಬಾಬ್ತಿಗೆ?

ನನ್ನವಳು. ಮಧ್ಯಾಹ್ನ ಮೂರರಿಂದ ನನ್ನವಳು, ಇನ್ನೂ ಒಂದು ಮಾತಿಗೂ ಒಬ್ಬಳೇ ಸಿಕ್ಕಿಲ್ಲ.

ಈಗ ನಗುತ್ತಿದ್ದಾಳೆ. ಅವನು ಏನೋ ಹೇಳಿದ. ಗೇಟಿನ ಮೇಲೆ ಕೈಯೂರಿದ್ದಾಳೆ, ಅವನೂ ಊರಿದ್ದಾನೆ. ಹದಿಮೂರು. ನಾನು ಇಲ್ಲಿ ಕೂತು ಬರೆಯುತ್ತಿದ್ದರೆ ಆಗುವುದಿಲ್ಲ, ಹೋಗಿ ಪಕ್ಕದಲ್ಲಿ ನಿಂತು—