ಕೈ ಹಿಡಿದುಕೊಳ್ಳುವ ಜಾಗ

ಚಲನಚಿತ್ರಗಳಿಗೆ ಪ್ರಮಾಣಪತ್ರ ನೀಡುವ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ನೀವು ನನ್ನ ಬರಹವನ್ನು ಕತ್ತರಿ ಮಾಡಿಕೊಂಡಿದ್ದೀರಿ. ಕೇಳದೆ ಮಾಡಿಕೊಂಡಿರಿ, ತಪ್ಪಾಗಿ ಓದಿ ಮಾಡಿಕೊಂಡಿರಿ, ಆಮೇಲೆ ಅದಕ್ಕಾಗಿ ನನಗೆ ಧನ್ಯವಾದವನ್ನೂ ಹೇಳಿದಿರಿ. ಮೊದಲಿನ ಎರಡನ್ನು ಹೇಗೋ ನುಂಗಿಕೊಂಡೆ. ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ದಿನಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಯಾರು ಎಂಬುದು ನಿಮಗೆ ಗೊತ್ತಿರಲಾರದು. ಹೊಲಿಗೆ ನನ್ನ ಕಸುಬು. ನಮ್ಮ ಪ್ರಾರ್ಥನಾ ಮಂದಿರದಿಂದ ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ಬರುತ್ತದೆ. ಅದರ ಆರನೆಯ ಪುಟದಲ್ಲಿ ಹನ್ನೊಂದು ವರ್ಷಗಳಿಂದ ಸಿನಿಮಾ ವಿಮರ್ಶೆ ಬರೆಯುತ್ತಿದ್ದೇನೆ. ಪ್ರಾರ್ಥನೆ ಮಾಡುವವಳಿಗೆ ಸಿನಿಮಾ ಹುಚ್ಚು ಯಾಕೆ ಎಂದು ಮಂದಿರದಲ್ಲಿ ಕೇಳುತ್ತಾರೆ, ಸಿನಿಮಾ ನೋಡುವವಳಿಗೆ ಪ್ರಾರ್ಥನೆ ಯಾಕೆ ಎಂದು ಚಿತ್ರಮಂದಿರದಲ್ಲಿ ಕೇಳುತ್ತಾರೆ. ಎರಡೂ ಕಡೆ ಗುರುತು ಪರಿಚಯವಿಲ್ಲದವರ ಪಕ್ಕ ಕೂತು ಅತ್ತಿದ್ದೇನೆ, ಎರಡೂ ಕಡೆಯಿಂದ ಸ್ವಲ್ಪ ಒಳ್ಳೆಯವಳಾಗಿ ಹೊರಗೆ ಬಂದಿದ್ದೇನೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಗೊತ್ತಿಲ್ಲ.

ನನ್ನ ವಿಮರ್ಶೆಯ ಕೊನೆಯಲ್ಲಿ ಯಾವಾಗಲೂ ಒಂದು ಸಣ್ಣ ಪಟ್ಟಿ ಇರುತ್ತದೆ. ಹೆಸರು, ‘ಕೈ ಹಿಡಿದುಕೊಳ್ಳುವ ಜಾಗಗಳು’. ಇಪ್ಪತ್ತನೆಯ ನಿಮಿಷ, ನಾಯಿ ಸಾಯುತ್ತದೆ. ಐವತ್ತನೆಯ ನಿಮಿಷ, ಅಪ್ಪ ಮನೆ ಬಿಟ್ಟು ಹೋಗುತ್ತಾನೆ. ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆ ತಾಯಿ ಇದನ್ನು ಓದಿ, ಆ ಹೊತ್ತಿಗೆ ಸರಿಯಾಗಿ ಮಗುವಿನ ಕೈ ಹಿಡಿದುಕೊಳ್ಳುತ್ತಾರೆ. ಕಣ್ಣು ಮುಚ್ಚಿಸುವುದಕ್ಕಲ್ಲ, ಎದ್ದು ಹೊರಗೆ ಹೋಗುವುದಕ್ಕೂ ಅಲ್ಲ. ಕಷ್ಟವಾದದ್ದನ್ನು ಒಟ್ಟಿಗೆ ನೋಡುವುದಕ್ಕೆ. ಇಷ್ಟು ಸರಳವಾದದ್ದು ಯಾರಿಗಾದರೂ ಅರ್ಥವಾಗದೆ ಹೋದೀತು ಎಂದು ಹನ್ನೊಂದು ವರ್ಷದಲ್ಲಿ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಈಗ ಆ ಚಿತ್ರದ ವಿಷಯ. ಗಂಡನನ್ನು ಕಳೆದುಕೊಂಡ ಬಸ್ ಕಂಡಕ್ಟರ್ ಒಬ್ಬಳ ಕಥೆ. ಬಿಡುಗಡೆಗೆ ಮೊದಲೇ ಸಣ್ಣ ಪತ್ರಿಕೆಗಳವರಿಗೆಂದು ತೋರಿಸಿದಾಗ ನೋಡಿದ್ದೆ. ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಬಂದವಳು ಪ್ರಾರ್ಥನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಟಿಕೆಟ್ ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತಿರುತ್ತಾಳೆ. “ಇಷ್ಟು ದಿನ ಕೇಳಿಸ್ಕೊಂಡು ಸುಮ್ನೆ ಇದ್ದೆಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಇವತ್ತಿಂದ ನಿನ್ನ ಸಂಗ ಠೂ” ಅನ್ನುತ್ತಾಳೆ. ಬೆನ್ನು ತಿರುಗಿಸಿ ಕೂರುತ್ತಾಳೆ. ಪೂರ್ತಿ ನಲವತ್ತು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ತಿರುಗದೆಯೇ ಹೇಳುತ್ತಾಳೆ: “ನಾಳೆ ಬೆಳಗ್ಗೆ ಬರ್ತೀನಿ. ಆದ್ರೆ ಮಾತಾಡಲ್ಲ.” ಅಷ್ಟೇ. ಒಂದು ನಿಮಿಷ ಐವತ್ತು ಸೆಕೆಂಡಿನ ದೃಶ್ಯ. ಭಕ್ತಿಯ ಬಗ್ಗೆ ಅದಕ್ಕಿಂತ ನಿಜವಾದದ್ದನ್ನು ನಾನು ಪರದೆಯ ಮೇಲೆ ನೋಡಿಲ್ಲ ಎಂದು ವಿಮರ್ಶೆಯಲ್ಲಿ ಬರೆದೆ. ಕೆಳಗೆ ಪಟ್ಟಿಯಲ್ಲಿ ಸೇರಿಸಿದೆ: ‘ಒಂದು ಗಂಟೆ ಹನ್ನೆರಡನೆಯ ನಿಮಿಷ, ದೇವರೊಂದಿಗೆ ಜಗಳ. ಗಟ್ಟಿಯಾಗಿ ಹಿಡಿದುಕೊಳ್ಳಿ.’

ಆ ಸಾಲನ್ನು ಬರೆದದ್ದು ಊರಿನವರಿಗೆ ಮಾತ್ರವಲ್ಲ, ನನಗೂ. ನನ್ನ ಮಗಳಿಗೆ ಹತ್ತು ವರ್ಷ. ಮಾತು ಬಂದಾಗಿನಿಂದ ಅವಳು ಕೇಳದ ಪ್ರಶ್ನೆ ಇಲ್ಲ. ಅದಕ್ಕೇ ಅವಳ ದೊಡ್ಡಮ್ಮ, ನನ್ನ ಅಕ್ಕ, ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರಿಟ್ಟಿದ್ದಾಳೆ. ತಮ್ಮ ಬೇಕು ಎಂದು ಅವಳು ಏಳು ತಿಂಗಳು ದಿನವೂ ಪ್ರಾರ್ಥನೆ ಮಾಡಿದಳು. ತಮ್ಮ ಬಂದ, ಒಂಬತ್ತು ದಿನ ಇದ್ದ. ಹತ್ತನೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, “ದೇವರು ಸುಳ್ಳುಗಾರ” ಅಂದಳು. ಅಕ್ಕ ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. “ಹಾಗೆಲ್ಲ ಅನ್ನಬಾರದು ಕಂದಾ, ಬಿಡ್ತು ಅನ್ನು” ಅಂದಳು. ಅಕ್ಕ ಕೆಟ್ಟವಳಲ್ಲ, ಹೆದರಿದ್ದಳು. ಎಲ್ಲರೂ ಹೆದರಿದ್ದೆವು. ಮಗಳು “ಬಿಡ್ತು” ಅಂದಳು. ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಎಂಟು ತಿಂಗಳಿನಿಂದ ಮಂದಿರದಲ್ಲಿ ನನ್ನ ಪಕ್ಕ ತುಟಿ ಬಿಗಿದು ಕೂರುತ್ತಾಳೆ. ನಾನು ಹೇಳಿದ್ದು ಯಾವುದೂ ನಾಟಲಿಲ್ಲ, ಹೇಳುವಾಗ ನನಗೇ ನಂಬಿಕೆ ಇರಲಿಲ್ಲ. ಆ ಕಂಡಕ್ಟರ್ ಹೆಂಗಸು ನನಗಿಂತ ಚೆನ್ನಾಗಿ ಹೇಳಿದ್ದಳು. ಅವಳನ್ನು ನನ್ನ ಮಗಳಿಗೆ ತೋರಿಸಬೇಕಿತ್ತು.

ಬಿಡುಗಡೆಯಾದ ಮೊದಲ ಮಧ್ಯಾಹ್ನವೇ ಹೋದೆವು. ಒಂದು ಗಂಟೆ ಹನ್ನೆರಡನೆಯ ನಿಮಿಷಕ್ಕೆ ನಾನು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಂದಿನ ಸಾಲಿನಲ್ಲಿ ನಮ್ಮ ಪತ್ರಿಕೆ ಓದುವ ಇನ್ನೆರಡು ಮನೆಯವರು ತಮ್ಮ ಮಕ್ಕಳ ಕೈ ಹಿಡಿದುಕೊಂಡದ್ದೂ ಕಾಣಿಸಿತು. ಕಂಡಕ್ಟರ್ ಹೆಂಗಸು ಕೋಣೆಯ ಬಾಗಿಲಿಗೆ ಕೈ ಇಟ್ಟಳು. ಮರುಕ್ಷಣ ಬೆಳಗಾಗಿತ್ತು. ಅವಳು ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಮಗಳು ನನ್ನ ಕಿವಿಯಲ್ಲಿ, “ಕೈ ಬಿಡಮ್ಮ, ಏನೂ ಆಗ್ಲಿಲ್ಲ” ಅಂದಳು. ಏನೂ ಆಗಲಿಲ್ಲ ಎಂದು ನಾನೂ ಹೇಳಿದೆ.

ಹೊರಗೆ ಬಂದು ಚಿತ್ರಮಂದಿರದ ಮ್ಯಾನೇಜರನ್ನು ಹಿಡಿದೆ. ಅವರು ನಿಮ್ಮ ಆದೇಶದ ಪ್ರತಿಯನ್ನು ಮೇಜಿನ ಮೇಲೆ ಹರಡಿ ಕನ್ನಡಕ ಹಣೆಗೇರಿಸಿದರು. “ಅಮ್ಮಾ, ಕಡೇ ಸಾಲು ಓದಿ. ನಿಮ್ಮ ಪತ್ರಿಕೆ ಹೆಸರೇ ಇದೆ” ಅಂದರು. ಓದಿದೆ. ‘ಆಸ್ತಿಕ ಪೋಷಕರ ವಲಯದಿಂದಲೇ ಸದರಿ ದೃಶ್ಯದ ಬಗ್ಗೆ ಎಚ್ಚರಿಕೆ ವ್ಯಕ್ತವಾಗಿರುವುದರಿಂದ, ಭಾವನೆಗಳಿಗೆ ಧಕ್ಕೆಯಾಗದಂತೆ ತೆಗೆದುಹಾಕತಕ್ಕದ್ದು.’ ಪಕ್ಕದಲ್ಲೇ ಕಂಸದೊಳಗೆ ನಮ್ಮ ಪತ್ರಿಕೆಯ ಹೆಸರು, ಆರನೆಯ ಪುಟ. ಅಧ್ಯಕ್ಷರೇ, ಆ ವಲಯದ ಅಧ್ಯಕ್ಷೆ, ಕಾರ್ಯದರ್ಶಿ, ಸಮಸ್ತ ಸದಸ್ಯರು ನಾನೊಬ್ಬಳೇ. ನಮ್ಮ ವಲಯದ ಸಭೆ ಹೊಲಿಗೆ ಯಂತ್ರದ ಮುಂದೆ, ಗುಂಡಿ ಹಚ್ಚುವ ಹೊತ್ತಿನಲ್ಲಿ ನಡೆಯುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ವಿಮರ್ಶೆಯ ಮೂರು ಕಾಲಂ ಹೊಗಳಿಕೆ ಯಾರ ಕಣ್ಣಿಗೂ ಬೀಳಲಿಲ್ಲವೇ? ಕೊನೆಯ ಒಂದು ಸಾಲನ್ನು ಮಾತ್ರ ಓದುವಷ್ಟು ಅವಸರ ನಿಮಗೆ ಯಾತರದ್ದು?

ಅದೇ ವಾರ ಪಕ್ಕದ ಪರದೆಯಲ್ಲಿ ಇನ್ನೊಂದು ಚಿತ್ರ ಓಡುತ್ತಿತ್ತು. ಅದರಲ್ಲಿ ನಾಯಕ ಮೂವತ್ತನಾಲ್ಕು ಜನರನ್ನು ಕೊಲ್ಲುತ್ತಾನೆ. ನಾನೇ ಕೂತು ಎಣಿಸಿದ್ದೇನೆ, ಕತ್ತಲಲ್ಲಿ ಒಂದಿಬ್ಬರು ತಪ್ಪಿರಬಹುದು. ಒಬ್ಬನ ಕತ್ತು ಮುರಿಯುವ ಸದ್ದಿಗೆ ಆರು ವರ್ಷದ ಮಕ್ಕಳು ಚಪ್ಪಾಳೆ ತಟ್ಟಿದರು. ಅದಕ್ಕೆ ನೀವು ಎಲ್ಲ ವಯಸ್ಸಿನವರೂ ನೋಡಬಹುದು ಎಂದು ಮುದ್ರೆ ಒತ್ತಿದ್ದೀರಿ. ಮೂವತ್ತನಾಲ್ಕು ಹೆಣದಿಂದ ಧಕ್ಕೆಯಾಗದ ಭಾವನೆ, ಒಬ್ಬ ವಿಧವೆ ದೇವರ ಸಂಗ ಠೂ ಬಿಟ್ಟರೆ ಮುರಿದುಬೀಳುತ್ತದೆಯೇ? ನನ್ನ ದೇವರನ್ನು ಅಷ್ಟು ಸೂಕ್ಷ್ಮ ಎಂದುಕೊಂಡಿರಾ? ದಿನವೂ ಅವನ ಮುಂದೆ ಎಷ್ಟು ಜನ ಕೂತು ಬೈಯುತ್ತಾರೆ, ನಿಮಗೇನಾದರೂ ಅಂದಾಜಿದೆಯೇ? ಕತ್ತರಿ ಹಿಡಿಯುವವಳಾಗಿ ಒಂದು ಮಾತು ಹೇಳುತ್ತೇನೆ: ಬಟ್ಟೆ ಹಾಕಿಕೊಳ್ಳುವವರ ಅಳತೆ ತೆಗೆಯದೆ ನಾವು ಕತ್ತರಿ ಮುಟ್ಟುವುದಿಲ್ಲ. ನೀವು ಯಾರ ಅಳತೆ ತೆಗೆದಿರಿ?

ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ‘ತಮ್ಮ ಕಾಳಜಿಗೆ ಧನ್ಯವಾದಗಳು. ತಮ್ಮಂತಹ ಜಾಗೃತ ಪೋಷಕರೇ ಮಂಡಳಿಯ ಬಲ.’ ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅದನ್ನು ಎರಡು ಸಲ ಓದಿ, “ಇನ್ಮೇಲೆ ಪಟ್ಟಿ ಹಾಕಬೇಡ ಬಿಡು” ಅಂದ. ಹಾಕದೆ ಇರುವುದು ಹೇಗೆ? ಹಾಕಿದರೆ ನೀವು ಕತ್ತರಿಸುತ್ತೀರಿ, ಹಾಕದಿದ್ದರೆ ಮಕ್ಕಳು ಒಬ್ಬೊಬ್ಬರೇ ಕೂತು ನೋಡುತ್ತಾರೆ. ಈ ತಿಂಗಳ ಆರನೆಯ ಪುಟವನ್ನು ಖಾಲಿ ಬಿಟ್ಟಿದ್ದೇನೆ. ರವಿಕೆಯ ತೋಳು ಹಿಂದುಮುಂದಾಗಿ ಹೊಲಿದು ಎರಡು ಸಲ ಬಿಚ್ಚಿದ್ದೇನೆ.

ಮಗಳ ಹತ್ತಿರ ಬಚ್ಚಿಡಲಾಗಲಿಲ್ಲ. ಕತ್ತರಿಸಿದ ದೃಶ್ಯವನ್ನು ಬಾಯಲ್ಲೇ ಹೇಳಿದೆ. ಆ ನಲವತ್ತು ಸೆಕೆಂಡಿನ ಮೌನವನ್ನು ಹೇಳಲು ಬರಲಿಲ್ಲ, ಸುಮ್ಮನೆ ಕೂತೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

“ಆಮೇಲೆ ದೇವರು ಏನಂದ?”

“ಏನೂ ಅನ್ನಲಿಲ್ಲ.”

“ಸಿಟ್ಟು ಬಂತಾ ಅವನಿಗೆ?”

“ಇಲ್ಲ ಕಣೆ.”

“ಮತ್ತೆ ಸಿನಿಮಾದಿಂದ ಯಾಕೆ ತೆಗೆದ್ರು?”

ಎಂಟು ತಿಂಗಳಾದ ಮೇಲೆ ನನ್ನ ಮಗಳು ಪ್ರಶ್ನೆ ಕೇಳಿದ್ದಳು. ಹಾಗೆ ಮಾತಾಡುವುದು ತಪ್ಪು ಎಂದು ದೊಡ್ಡವರು ತೀರ್ಮಾನಿಸಿದರು ಎನ್ನಲೇ? ಆಸ್ಪತ್ರೆಯಲ್ಲಿ ಅವಳ ಬಾಯಿಗೆ ಅಡ್ಡ ಬಂದ ಕೈ ಅವಳ ದೊಡ್ಡಮ್ಮನದು. ಈಗ ಬಂದಿರುವ ಕೈ ನಿಮ್ಮದು, ಅದನ್ನು ಅಲ್ಲಿಗೆ ತಂದಿಟ್ಟವಳು ನಾನು. ತೆಗೆದವರನ್ನೇ ಕೇಳುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಒಂದು ನಿಮಿಷ ಐವತ್ತು ಸೆಕೆಂಡನ್ನು ಇದ್ದ ಜಾಗಕ್ಕೆ ವಾಪಸು ಹಾಕಿಸಿ, ನಿಮ್ಮ ಆದೇಶದ ಕಡೆಯ ಸಾಲನ್ನು ಹೊಡೆದುಹಾಕಿ. ಅದು ನಿಮ್ಮಿಂದ ಆಗದಿದ್ದರೆ ಯಾಕೆ ತೆಗೆದಿರಿ ಎಂದು ಹತ್ತು ವರ್ಷದವಳಿಗೆ ಅರ್ಥವಾಗುವ ಹಾಗೆ ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ಮಗಳು ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು, “ಉತ್ತರ ಬಂತಾ?” ಎಂದು ಕೇಳುತ್ತಾಳೆ. ದೇವರು ಉತ್ತರ ಕೊಡದೆ ಸುಮ್ಮನಿದ್ದರೆ ಅವನ ಪರವಾಗಿ ಏನಾದರೂ ಸಮಾಧಾನ ಹೇಳಲು ತಾಯಿಯಾಗಿ ಕಲಿತಿದ್ದೇನೆ. ನೀವು ಸುಮ್ಮನಿದ್ದರೆ ನಿಮ್ಮ ಪರವಾಗಿ ಏನು ಹೇಳಲಿ?

ಇಂತಿ,
ಮಂಡಳಿಯ ಬಲವಾಗಿರಲು ಒಪ್ಪದ,
ಆಸ್ತಿಕ ಪೋಷಕರ ವಲಯದ ಏಕೈಕ ಸದಸ್ಯೆ