‘ನೋಡೋಣ’ ಎಂದವರು

ಮಂಗಳವಾರ, ೧೧ ಮಾರ್ಚ್ ೨೦೨೫

‘ಸಹನೆಯೇ ಕೊನೆಗೆ ಗೆಲ್ಲುವುದು’ ಎಂದೇನೋ ಒಂದು ಸಾಲಿತ್ತು. ಬರೆದವರು ಯಾವ ಆಫೀಸಿನಲ್ಲೂ ಕೂತಿರಲಿಕ್ಕಿಲ್ಲ.

ಸೆಖೆಯೆಂದು ನಾನು ಫ್ಯಾನ್ ಹಾಕಿದರೆ ಪಕ್ಕದ ಮೇಜಿನ ಸುಜಯ, ‘ಅಕ್ಕಂಗೆ ಐವತ್ತರ ಪ್ರಾಯದ ಬಿಸಿ’ ಎನ್ನುತ್ತಾನೆ, ಉಳಿದವರು ನಗುತ್ತಾರೆ. ಹೋದ ವಾರ ಮ್ಯಾನೇಜರ ಕೋಣೆಗೆ ಒಬ್ಬಳೇ ಹೋಗಿ ಹೇಳಿದೆ. ‘ನೋಡೋಣ’ ಎಂದರು. ಇವತ್ತು ಸುಜಯ ಎಲ್ಲರೆದುರು ಕೈಮುಗಿದು, ‘ಅಕ್ಕ, ತಪ್ಪಾತು, ಇನ್ನು ದೂರು ಹೇಳಡಿ’ ಎಂದ. ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಇವನಿಗೆ ಹೇಳಿದವರು ಯಾರು? ಸಂಜೆ ಮ್ಯಾನೇಜರು ಎದುರು ಸಿಕ್ಕರೂ ಮೊಬೈಲ್ ನೋಡುತ್ತ ದಾಟಿಹೋದರು. ಅದರಲ್ಲೂ ಏನೋ ಇದೆ ಅನ್ನಿಸುತ್ತದೆ. ಎಲ್ಲದರಲ್ಲೂ ಹುಡುಕುವ ಚಟ ನನಗೇ ಹತ್ತಿತೋ ಏನೋ.

ಈಗಷ್ಟೇ ಪಕ್ಕದ ಮನೆಯ ಪರಿಮಳಾ ಬಂದಿದ್ದಳು. ಕರೆದರೂ ಒಳಗೆ ಬರದೆ, ಬಾಗಿಲಲ್ಲೇ ನಿಂತು ಕೇಳಿದಳು: ‘ನೀ ಕೆಲಸ ಬಿಡ್ತ್ಯಡ, ಹೌದನೆ? ನಮ್ಮನೆ ಮಗಳು ಸಮೃದ್ಧಿಗೆ ನಿನ್ನ ಜಾಗಕ್ಕೆ ಅರ್ಜಿ ಹಾಕಲೆ ಹೇಳಿದ್ವಡ ನಿಂಗಳ ಮ್ಯಾನೇಜರು.’