ನೀರು ಬಿಡುತ್ತಿದ್ದವರಿಗೆ ನನ್ನ ವೋಟು

ಅಪ್ಪನಿಗೆ ನಮಸ್ಕಾರ.

ಅಣ್ಣನ ಮನೆಯಲ್ಲಿ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಸಲದ ವಾರ್ಡ್ ಚುನಾವಣೆಯಲ್ಲಿ ವೋಟು ನಮ್ಮ ಧರ್ಮದ ಕಂಟ್ರಾಕ್ಟರಿಗೇ ಹಾಕಿ, ನೀರು ಬಿಡುತ್ತಿದ್ದವರು ಗೆದ್ದರೆ ಎಲ್ಲ ಅವರ ಜನಕ್ಕೇ ಮಾಡಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ.

ಹದಿನೆಂಟು ವರ್ಷ ಅವರೇ ಅಲ್ಲವಾ ಈ ಬಡಾವಣೆಗೆ ನೀರು ಬಿಟ್ಟಿದ್ದು? ಮೊದಲು ನಮ್ಮ ಬೀದಿ, ಕೊನೆಗೆ ಅವರ ಬೀದಿ. ಕೊನೆಯವರಿಗೆ ಎಷ್ಟು ಬರುತ್ತೆ ಅಂತ ನಿಮಗೇ ಗೊತ್ತು. ಹೋದ ವರ್ಷ ಅವರ ಹೆಂಡತಿಯೇ ಎರಡು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರು! ನನಗೆ ರೇಗಿಹೋಯಿತು. ಮರುದಿನ ವಾಲ್ವ್ ತಿರುಗಿಸುತ್ತಿದ್ದವರನ್ನು ತಡೆದು, "ಒಂದು ದಿನವಾದರೂ ನಿಮ್ಮ ಬೀದಿಗೆ ಮೊದಲು ಬಿಡಬಾರದಾ?" ಅಂದೆ.

"ಕೀಲಿ ನನ್ನ ಕೈಲೇ ಇದೆಯಲ್ಲಮ್ಮ, ಅದಕ್ಕೇ ಬಿಡಲ್ಲ," ಅಂದು ನಕ್ಕರು.

ಆ ಕೀಲಿಯನ್ನು ಕಂಟ್ರಾಕ್ಟರ್ ಕೈಗೆ ಕೊಟ್ಟು ನೋಡುವ ಧೈರ್ಯ ನನಗಿಲ್ಲ ಅಪ್ಪಾ. ಅಮ್ಮನ ವೋಟು ಯಾರಿಗೆ ಅಂತ ಅಮ್ಮನನ್ನೇ ಕೇಳಿ. ಅವತ್ತು ಕೊಡ ತುಂಬಿಸಿ, ಒಂದನ್ನು ತಾನೇ ಹೊತ್ತು ಅವರ ಮನೆತನಕ ಬಿಟ್ಟುಬಂದವಳು ಅವಳು.

ಬೈಯುವುದಿದ್ದರೆ ಇಲ್ಲಿಗೆ ಬಂದೇ ಬೈಯಿರಿ. ವೋಟಿನ ದಿನ ಬೆಳಿಗ್ಗೆಯೇ ಬಂದುಬಿಡಿ. ಅವರು ಹಾಕಿಕೊಟ್ಟ ಸರದಿ ಇನ್ನೂ ಹಾಗೇ ಇದೆ, ನಿಮ್ಮ ಸ್ನಾನಕ್ಕೆ ನೀರಿರುತ್ತೆ.

ಇಂತಿ,
ನಿಮ್ಮ ಮಗಳು